ಸಮುದ್ರಕ್ಕೆ ಹೊಲಿಸಿದ ಕಿಸೆ

ನೀರಿನೊಳಗೆ ನಾನು ಮೊದಲು ಕಳೆದುಕೊಂಡದ್ದು ಒಂದು ಪೆನ್ಸಿಲ್ಲು. ಅದು ಮೇಲಕ್ಕೆ ಹೋಯಿತು. ಎರಡನೆಯದು ಟಾರ್ಚು, ಅದು ಕೆಳಕ್ಕೆ ಹೋಯಿತು. ಮೂರನೆಯದು ಪ್ಲಾಸ್ಟಿಕ್ಕಿನ ಒಂದು ಸೀಟಿ. ಅದು ನನ್ನ ಮೂಗಿನ ಮುಂದೆ ಒಂದು ಗಳಿಗೆ ನಿಂತು, ಮೇಲೆ ಹೋಗಲೋ ಕೆಳಗೆ ಹೋಗಲೋ ಎಂದು ಯೋಚಿಸಿ, ಕೊನೆಗೆ ಅಡ್ಡಡ್ಡ ಹೊರಟುಹೋಯಿತು. ನಾನು ಕೈ ಚಾಚುವಷ್ಟರಲ್ಲಿ ಒಂದು ಹಳದಿ ಮೀನು ಬಂದು ಅದನ್ನು ಮೂಸಿ ನೋಡಿ, ತನಗೆ ಬೇಡವೆಂದು ಬಿಟ್ಟಿತು.

ಇದನ್ನು ಹಾವೇರಿಯಲ್ಲಿ ಯಾರಿಗೆ ಹೇಳಿದರೂ ಅವರು ಪೆನ್ಸಿಲ್ಲಿನ ಬಗ್ಗೆ ಕೇಳುವುದಿಲ್ಲ. "ಅಲ್ಲಿಗೆ ನೀವು ಯಾಕ ಹೋಗಿದ್ರಿ?" ಎಂದು ಕೇಳುತ್ತಾರೆ. ನಾನು ವಕೀಲರೊಬ್ಬರ ಕಚೇರಿಯಲ್ಲಿ ಇಪ್ಪತ್ತು ವರ್ಷದಿಂದ ಬೆರಳಚ್ಚು ಮಾಡುವವಳು. ಪಹಣಿ, ಪಾಲುಪತ್ರ, ಬದುವಿನ ಜಗಳ, ಎತ್ತಿನ ದಾರಿಯ ತಂಟೆ, ಇವೇ ನನ್ನ ದಿನದ ಅನ್ನ. ಅಂಥವಳು ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಸಮುದ್ರದ ತಳಕ್ಕೆ ಯಾಕೆ ಇಳಿಯಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ.

ನಾನು ಹುಟ್ಟಿ ಬೆಳೆದದ್ದು ಐರಣಿಯಲ್ಲಿ. ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ತುಂಗಭದ್ರೆಯಲ್ಲಿ ಈಜು ಕಲಿತೆ. ಮದುವೆಯಾಗಿ ಹಾವೇರಿಗೆ ಬಂದಮೇಲೆ ನೀರೆಂದರೆ ನಳದ ನೀರು, ಅದೂ ಬಂದ ದಿನ. ನಲವತ್ತನಾಲ್ಕು ತುಂಬಿದ ವರ್ಷ ನಾನೂ ನನ್ನ ಯಜಮಾನರೂ ಮುರ್ಡೇಶ್ವರಕ್ಕೆ ಹೋದೆವು. ಅವರು ದೇವರಿಗೆ ಕೈ ಮುಗಿದು, ಊಟ ಮಾಡಿ, ನೆರಳಿನಲ್ಲಿ ಮಲಗಿದರು. ನಾನು ದಂಡೆಯಲ್ಲಿ ಅಡ್ಡಾಡುತ್ತ ಒಂದು ಬೋರ್ಡು ಓದಿದೆ. ಎದುರಿನ ನಡುಗಡ್ಡೆಯ ಹತ್ತಿರ ಸಮುದ್ರದೊಳಗೆ ಇಳಿಸಿ ಮೀನು ತೋರಿಸುತ್ತಾರಂತೆ. ಮರುದಿನ ಬೆಳಿಗ್ಗೆ ಇಳಿದೆ. ಮೇಲೆ ಬಂದಾಗ ನನ್ನ ಮುಖ ನೋಡಿ ಯಜಮಾನರು, "ಆತು, ಇನ್ನ ಇಕಿ ಮನಿಗೆ ಬರಂಗಿಲ್ಲ" ಎಂದರು. ಮನೆಗೇನೋ ಬಂದೆ. ಆದರೆ ಆಮೇಲೆ ಎರಡು ರಜೆ ಹೊಂದಿಸಿಕೊಂಡು ಹೋಗಿ ಪೂರಾ ತರಬೇತಿ ಮುಗಿಸಿಯೇಬಿಟ್ಟೆ.

ಕಲಿಸಿದವಳು ಆ ಕಡೆಯದೇ ಮೀನುಗಾರರ ಮನೆಯ ಹೆಣ್ಣುಮಗಳು. ನನಗಿಂತ ಹದಿನೈದು ವರ್ಷ ಚಿಕ್ಕವಳು, ಆದರೂ ನನ್ನ ಗುರು. ನೀರಿನ ಮೇಲೆ ಬಹಳ ಮಾತಾಡುತ್ತಿದ್ದಳು, ನೀರಿನ ಕೆಳಗೆ ಕಣ್ಣಲ್ಲೇ ಬೈಯುತ್ತಿದ್ದಳು. ಆಕೆ ಹೇಳಿದ ಪ್ರಕಾರ ಒಳಗೆ ಇಳಿಯುವವರು ಕೆಲವು ಸಣ್ಣ ಸಾಮಾನು ಜೊತೆಗೆ ಇಟ್ಟುಕೊಳ್ಳಲೇಬೇಕು. ಬಂಡೆಯ ಸಂದಿ ನೋಡಲು ಟಾರ್ಚು ಬೇಕು. ಮಾತಾಡಲು ಬಾಯಿ ಇಲ್ಲವಾದ್ದರಿಂದ ಬರೆಯಲು ಅಂಗೈಯಗಲದ ಪ್ಲಾಸ್ಟಿಕ್ ಪಾಟಿ ಮತ್ತು ಪೆನ್ಸಿಲ್ಲು ಬೇಕು. ಮೀನುಬಲೆಯ ದಾರ ಕಾಲಿಗೆ ಸಿಕ್ಕರೆ ಕತ್ತರಿಸಲು ಒಂದು ಸಣ್ಣ ಕೊಯ್ಯುವ ಸಾಧನ ಬೇಕು. ಮೇಲೆ ಬಂದಾಗ ದೋಣಿಯವರನ್ನು ಕರೆಯಲು ಸೀಟಿ. ನಾವು ಎಲ್ಲಿದ್ದೇವೆ ಎಂದು ದೂರದವರಿಗೆ ತೋರಿಸಲು, ಗಾಳಿ ತುಂಬಿದರೆ ಆಳೆತ್ತರ ನಿಲ್ಲುವ ಕೆಂಪು ಬಲೂನು, ಅದರ ದಾರದ ಉಂಡೆ.

ಇಷ್ಟೆಲ್ಲ ಕೇಳಿ ನಾನು, "ಇಡೋದು ಎಲ್ಲಿ?" ಎಂದೆ.

"ಅದೇ ಅಲ್ವಾ ಅಕ್ಕ ಪ್ರಾಬ್ಲಮ್ಮು" ಎಂದಳು. "ತಣ್ಣೀರಿನ ದೇಶದಲ್ಲಿ ಮುಳುಗೋರು ಕಂಬಳಿ ಹಾಗೆ ದಪ್ಪ ಸೂಟ್ ಹಾಕ್ತಾರೆ. ಅದ್ರ ತೊಡೆ ಮೇಲೆ ದೊಡ್ಡ ಕಿಸೆ ಇರ್ತದೆ. ನಮ್ದು ಬೆಚ್ಚಗಿನ ನೀರು. ತೆಳು ಬಟ್ಟೆ ಸಾಕು. ತೆಳು ಬಟ್ಟೆಗೆ ಕಿಸೆ ಇಲ್ಲ."

ಖರೆಯೇ. ನನಗೆ ಕೊಟ್ಟ ಬಟ್ಟೆ ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಮೈಗೆ ಅಂಟಿಕೊಳ್ಳುತ್ತಿತ್ತು. ಅದರೊಳಗೆ ಒಂದು ಹುಣಸೆಬೀಜ ಇಟ್ಟರೂ ಹೊರಗಿನಿಂದ ಕಾಣುತ್ತಿತ್ತು. ಮೇಲೆ ಹಾಕಿಕೊಳ್ಳುವ ಗಾಳಿ ಜಾಕೀಟಿಗೆ ಎರಡು ಕಿಸೆ ಇದ್ದವು. ಒಂದರ ಜಿಪ್ಪು ಉಪ್ಪು ಹಿಡಿದು ತೆರೆಯುತ್ತಿರಲಿಲ್ಲ, ಇನ್ನೊಂದರದು ಮುಚ್ಚುತ್ತಿರಲಿಲ್ಲ.

ಹೀಗಾಗಿ ಮೊದಲ ಕೆಲವು ಸಲ ನಾನು ಎಲ್ಲವನ್ನೂ ಮೈಗೆ ತೂಗುಹಾಕಿಕೊಂಡು ಇಳಿದೆ. ಸೀಟಿ ಕೊರಳಿಗೆ, ಪಾಟಿ ಸೊಂಟಕ್ಕೆ, ಹೊಸದಾಗಿ ಕೊಂಡ ಟಾರ್ಚು ಮುಂಗೈಗೆ, ಬಲೂನು ಹೆಗಲ ಪಟ್ಟಿಗೆ. ಪೆನ್ಸಿಲ್ಲನ್ನು ಕಚೇರಿಯ ಅಭ್ಯಾಸದಂತೆ ತುರುಬಿಗೆ ಸಿಕ್ಕಿಸಿದೆ. ಪೆನ್ಸಿಲ್ಲು ಮೇಲೆ ಹೋದ ಕಥೆ ಅದೇ.

ದೋಣಿಯ ಅಂಚಿನಲ್ಲಿ ಕೂತ ನನ್ನನ್ನು ನೋಡಿ ಗುರು, "ಎಂತ ಅಕ್ಕ ಇದು, ಫ್ಯಾನ್ಸಿ ಅಂಗಡಿ ಬಾಗಿಲ ಹಾಗೆ!" ಎಂದಳು. ಕೆಳಗೆ ಹೋದಮೇಲೆ ಅಂಗಡಿಯ ಒಂದೊಂದೇ ಸಾಮಾನು ತನ್ನ ಗುಣ ತೋರಿಸಿತು. ಪಾಟಿ ಮೊಣಕಾಲಿಗೆ ಬಡಿಯುತ್ತಿತ್ತು. ಸೀಟಿಯ ದಾರ ಉಸಿರಾಟದ ಕೊಳವೆಗೆ ಸುತ್ತಿಕೊಂಡಿತು. ಟಾರ್ಚಿನ ಕುಣಿಕೆ ಬಂಡೆಯ ಕೊಕ್ಕೆಗೆ ಸಿಕ್ಕು, ನಾನು ಗೂಟಕ್ಕೆ ಕಟ್ಟಿದ ಕರುವಿನಂತೆ ಅಲ್ಲೇ ಗಿರಕಿ ಹೊಡೆದೆ. ಗುರು ಬಂದು ಬಿಡಿಸಿದಳು. ಬಿಡಿಸುವಾಗ ಸದರಿ ಟಾರ್ಚು ಕೈತಪ್ಪಿ ಕಲ್ಲಿನ ಆಳದ ಬಿರುಕಿನೊಳಗೆ ಬಿತ್ತು, ಉರಿಯುತ್ತಲೇ ಬಿತ್ತು. ಬಿರುಕಿನಲ್ಲಿದ್ದ ಏಡಿಯೊಂದರ ಮನೆಗೆ ಅಂದು ಕರೆಂಟು ಬಂತು.

ಬ್ಯಾಡಗಿಯಲ್ಲಿ ನನ್ನ ದೊಡ್ಡವ್ವ ಇದ್ದಾಳೆ, ತಾಯಿಯ ಅಕ್ಕ. ಎಪ್ಪತ್ತೆಂಟು ವರ್ಷ. ಹೊಲ, ಮೆಣಸಿನಕಾಯಿ ವ್ಯಾಪಾರ, ಮನೆಮಂದಿ, ಎಲ್ಲದರ ಮೇಲೂ ಈಗಲೂ ಅವಳದೇ ಮಾತು. ಒಂದು ಭಾನುವಾರ ಅವಳನ್ನು ನೋಡಲು ಹೋದಾಗ ನನ್ನ ಸಂಕಟ ಹೇಳಿಕೊಂಡೆ.

"ನೀ ನೀರಾಗ ಮುಳುಗಿ ಏನ ತರ್ತಿ?" ಎಂದಳು.

"ಏನೂ ತರೂದಿಲ್ಲ ದೊಡ್ಡವ್ವಾ. ನೋಡಿ ಬರ್ತೇನಿ."

"ಬರೇ ನೋಡಾಕ ಕಿಸೆ ಯಾಕ ಬೇಕ?"

ಟಾರ್ಚು, ಪಾಟಿ, ಬಲೂನುಗಳ ವಿಷಯ ವಿವರಿಸಿದೆ. ಅವಳು ಗಲ್ಲಕ್ಕೆ ಕೈ ಹಚ್ಚಿ ಕೇಳಿದಳು. ಬಲೂನು ಎಂಬಲ್ಲಿ ನಕ್ಕಳು. ಆಮೇಲೆ ಎದ್ದು ಹಿಂದಿನ ಕೋಣೆಗೆ ಹೋಗಿ, ಗೂಟಕ್ಕೆ ತೂಗುಹಾಕಿದ್ದ ಒಂದು ಸಂಚಿ ತಂದಳು. ನಮ್ಮ ಕಡೆಯ ಹಿರಿಯ ಹೆಂಗಸರು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ, ಎಲೆ ಅಡಿಕೆಯ ಬಟ್ಟೆಚೀಲ ಅದು. ಹೊರಗಿನಿಂದ ನೋಡಿದರೆ ಅಂಗೈಯಷ್ಟು, ಬಿಚ್ಚಿದರೆ ಮಡಿಕೆಯೊಳಗೆ ಮಡಿಕೆ, ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ಚಿಲ್ಲರೆಗೊಂದು ಅರೆ. ದಾರ ಎಳೆದರೆ ಎಲ್ಲದರ ಬಾಯಿ ಒಮ್ಮೆಲೇ ಮುಚ್ಚುತ್ತದೆ.

"ಇದ್ರಾಗ ಇಡ. ಐವತ್ತ ವರ್ಸದಾಗ ನಂದು ಒಂದ ಅಡಿಕಿ ಹೋಳು ಬಿದ್ದಿಲ್ಲ" ಎಂದಳು.

ನನಗೆ ಅದು ಬಹಳ ಹಿಡಿಸಿತು. ಟಾರ್ಚು ಎಲೆಯ ಅರೆಯಲ್ಲಿ ಸರಿಯಾಗಿ ಕೂತಿತು, ಸೀಟಿ ಸುಣ್ಣದ ಅರೆಯಲ್ಲಿ. ಒಗೆದುಕೊಂಡು ಹೋಗಬೇಕಿತ್ತು. ಆದರೆ ಹಳೆಯ ಖಣದ ಬಟ್ಟೆ, ಒಗೆದರೆ ಹರಿದೀತು ಎಂದು ಹಾಗೆಯೇ ಒಯ್ದೆ. ಒಗೆದಿದ್ದರೆ ಈ ಬರಹ ಅರ್ಧಕ್ಕೆ ಮುಗಿಯುತ್ತಿತ್ತು.

ಮುಂದಿನ ಸಲ ಸಂಚಿಯನ್ನು ಸೊಂಟಕ್ಕೆ ಬಿಗಿದು ಇಳಿದೆ. ಹತ್ತು ಮೀಟರು ಕೆಳಗೆ, ಎಲ್ಲ ಶಾಂತ. ಯಾವುದೂ ತೂಗಾಡುತ್ತಿಲ್ಲ, ಯಾವುದೂ ಬಡಿಯುತ್ತಿಲ್ಲ. ಗುರು ದೂರದಿಂದ ಹೆಬ್ಬೆರಳು ತೋರುಬೆರಳು ಸೇರಿಸಿ ಮೆಚ್ಚುಗೆ ತೋರಿಸಿದಳು. ನನಗೂ ಹೆಮ್ಮೆಯೆನಿಸಿತು. ಒಂದು ಆಮೆ ಕಂಡಿತು. ಅದನ್ನು ಪಾಟಿಯಲ್ಲಿ ಬರೆದು ತೋರಿಸೋಣವೆಂದು ಸಂಚಿಯ ದಾರ ಸಡಿಲಿಸಿದೆ.

ಸಂಚಿಯಿಂದ ಹೊಗೆ ಬಂತು.

ಹೊಗೆಯೇ ಅನ್ನಬೇಕು. ಕಪ್ಪುಹಸಿರು ಬಣ್ಣದ ಮೋಡವೊಂದು ನನ್ನ ಸೊಂಟದಿಂದ ಹೊರಟು ನಿಧಾನವಾಗಿ ಹರಡಿತು. ಅಷ್ಟು ಆಳದಲ್ಲಿ ಕೆಂಪು ಬಣ್ಣ ಕೆಂಪಾಗಿ ಕಾಣುವುದಿಲ್ಲ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಗಾಯವಾಗಿ ರಕ್ತ ಬಂದರೆ ಕಪ್ಪಾಗಿ, ಹಸಿರಾಗಿ ಕಾಣುತ್ತದೆ ಎಂದೂ ಹೇಳಿದ್ದರು. ಹೇಳಿದವಳು ಗುರುವೇ. ಆಕೆ ಈಗ ನನ್ನ ಸೊಂಟ ನೋಡಿದಳು. ಕನ್ನಡಕದ ಹಿಂದೆ ಅವಳ ಕಣ್ಣು ಮೀನಿನ ಕಣ್ಣಾದವು. ಒಂದೇ ಜಿಗಿತಕ್ಕೆ ಬಂದು ನನ್ನ ಜಾಕೀಟು ಹಿಡಿದು, ಮೇಲೆ ಹೋಗೋಣ ಎಂದು ಹೆಬ್ಬೆರಳು ಎತ್ತಿದಳು.

ಏನಾಗಿದೆ ಎಂದು ನನಗೆ ಅಷ್ಟರಲ್ಲಿ ಹೊಳೆದಿತ್ತು. ಸೊಂಟದ ಸುತ್ತ ಸಣ್ಣಗೆ ಉರಿ ಶುರುವಾಗಿತ್ತು. ದೊಡ್ಡವ್ವನ ಹಿಂದಿನ ಕೋಣೆಯಲ್ಲಿ ಇರುವುದು ಮೆಣಸಿನಕಾಯಿ ಚೀಲಗಳು. ಪೇಟೆಗೆ ಹೋದಾಗ ಅವಳು ಸಂಚಿಯ ಒಳ ಅರೆಯಲ್ಲಿ ನಾಲ್ಕು ಕಾಯಿ ಮುರಿದು ಹಾಕಿಕೊಂಡು ಬಂದು, ಬಣ್ಣ ಹೇಗಿದೆ ಎಂದು ಮನೆಯಲ್ಲಿ ಪರೀಕ್ಷೆ ಮಾಡುತ್ತಿದ್ದಳು. ಹಾಗೆ ಎಷ್ಟೋ ವರ್ಷ ಕೂಡಿಬಿದ್ದ ಪುಡಿ ಈಗ ಅರಬ್ಬಿ ಸಮುದ್ರಕ್ಕೆ ಇಳಿದಿತ್ತು.

ಮೇಲೆ ಬರುವಾಗ ಐದು ಮೀಟರಿನ ಹತ್ತಿರ ಮೂರು ನಿಮಿಷ ನಿಲ್ಲಬೇಕು, ಅದು ನಿಯಮ. ನಾವು ನಿಂತೆವು. ನಾನು ಸುಮ್ಮನಿದ್ದೇನೆ, ಗುರು ನನ್ನ ಸೊಂಟವನ್ನು ಎರಡೂ ಕೈಯಿಂದ ಒತ್ತಿ ಹಿಡಿದು ರಕ್ತ ನಿಲ್ಲಿಸುತ್ತಿದ್ದಾಳೆ. ನೀರಿನೊಳಗಿನ ಸನ್ನೆಗಳಲ್ಲಿ ಗಾಳಿ ಮುಗಿದಿದೆ ಎನ್ನಲು ಒಂದಿದೆ, ಕಿವಿ ನೋಯುತ್ತಿದೆ ಎನ್ನಲು ಒಂದಿದೆ. ಮೆಣಸಿನಕಾಯಿಗೆ ಇಲ್ಲ. ಕೊನೆಗೆ ಪಾಟಿ ಎಳೆದು, ಗಡಿಬಿಡಿಯಲ್ಲಿ "ಬ್ಯಾಡಗಿ" ಎಂದು ಬರೆದು ತೋರಿಸಿದೆ. ಆಕೆ ಓದಿದಳು. ಹುಬ್ಬು ಗಂಟಿಕ್ಕಿ ಮತ್ತೆ ಓದಿದಳು. ಪೆನ್ಸಿಲ್ಲು ಕಿತ್ತುಕೊಂಡು ಕೆಳಗೆ ಬರೆದಳು: "ನೋವು ಜಾಸ್ತಿಯಾ?"

ದೋಣಿಗೆ ಹತ್ತಿಸಿ ಮಲಗಿಸಿದರು. ಬಿಸಿಲಿನಲ್ಲಿ ಸಂಚಿಯ ನೀರು ಹಲಗೆಯ ಮೇಲೆ ಅಪ್ಪಟ ಕೆಂಪಾಗಿ ಹರಿಯಿತು. ಗುರು ಔಷಧದ ಪೆಟ್ಟಿಗೆ ತೆರೆದಳು. ನಾನು ಬಾಯಿಯ ಕೊಳವೆ ತೆಗೆದು, "ರಕ್ತ ಅಲ್ಲವ್ವಾ, ಖಾರಪುಡಿ" ಎಂದೆ. ಹೇಳಿ ಕನ್ನಡಕ ತೆಗೆದು, ಅದೇ ಕೈಯಿಂದ ಕಣ್ಣು ಒರೆಸಿಕೊಂಡೆ. ಆಮೇಲೆ ಸ್ವಲ್ಪ ಹೊತ್ತು ನನಗೇನೂ ಕಾಣಲಿಲ್ಲ, ಕೇಳಿದ್ದಷ್ಟೇ ನೆನಪು. ದೋಣಿ ನಡೆಸುವಾತ ಮೂರು ಸಲ ಸೀನಿದ. ನಾಲ್ಕನೆಯದಕ್ಕೆ ತಡೆದು ಹೇಳಿದ: "ಅಕ್ಕ, ಅರ್ಧ ಕೆಲಸ ನೀವೇ ಮುಗಿಸಿದ್ರಿ. ಮೀನಿಗೆ ಖಾರ ಹಚ್ಚಿ ಆಯ್ತು, ಇನ್ನು ಹುರಿಯೋದೊಂದೇ."

ಗುರು ನಗಲಿಲ್ಲ. "ನಿಮ್ಗೆ ಗೊತ್ತುಂಟಾ, ನಾನು ದಡದ ಆಸ್ಪತ್ರೆಯಲ್ಲಿ ಎಂತ ಹೇಳೋದು ಅಂತ ಯೋಚ್ನೆ ಮಾಡ್ತಿದ್ದೆ" ಎಂದಳು. ನನಗೆ ನಿಜವಾಗಿ ನಾಚಿಕೆಯಾಯಿತು. ಸಮುದ್ರದಲ್ಲಿ ಒಬ್ಬರ ಅಸಡ್ಡೆ ಇನ್ನೊಬ್ಬರ ಎದೆಗೆ ಬಡಿಯುತ್ತದೆ ಎಂಬುದು ಅಂದು ತಿಳಿಯಿತು. ಇನ್ನು ಮುಂದೆ ಸರಿಯಾದ ಕಿಸೆ ಇಲ್ಲದೆ ಇಳಿಯುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟೆ.

ದೊಡ್ಡವ್ವನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವಳಿಗೆ ನನ್ನ ಕಣ್ಣಿನ ಚಿಂತೆ ಆಗಲಿಲ್ಲ. "ಅಷ್ಟ ವರ್ಸದ ಪುಡಿ, ಇನ್ನೂ ಬಣ್ಣ ಬಿಟ್ತ?" ಎಂದು ಕೇಳಿದಳು. ಹೌದೆಂದೆ. "ನೋಡ ಮತ್ತ" ಎಂದಳು, ತನ್ನ ಬೆಳೆಗೆ ಯಾರೋ ಪದಕ ಕೊಟ್ಟರೇನೋ ಎಂಬ ಹಾಗೆ.

ರಾಣೇಬೆನ್ನೂರಿನಲ್ಲಿ ಒಬ್ಬ ಹಿರಿಯ ದರ್ಜಿ ಇದ್ದಾರೆ. ನಾನು ಚಾಚಾ ಎನ್ನುತ್ತೇನೆ. ವ್ಯಾಪಾರಸ್ಥರು ಅಂಗಿಯ ಒಳಗೆ ತೊಡುವ, ಐದಾರು ಕಿಸೆಯ ಒಳಅಂಗಿ ಹೊಲಿಯುವುದರಲ್ಲಿ ಅವರಿಗೆ ಸುತ್ತಲಿನ ಊರುಗಳಲ್ಲೆಲ್ಲ ಹೆಸರು. ನಮ್ಮ ಅಪ್ಪನಿಗೂ ಅವರೇ ಹೊಲಿಯುತ್ತಿದ್ದರು. ಅಂಗಡಿ ಮುಂದೆ, ಮನೆ ಹಿಂದೆ. ನಡುವೆ ಒಂದು ಪರದೆ, ಪರದೆಯ ಹಿಂದೆ ಚಾಚಿ. ಅಲ್ಲಿ ಒಂದು ಶನಿವಾರ ಹೋಗಿ, ಮೈಗೆ ಅಂಟುವ ಬಟ್ಟೆಯ ಮೇಲೆ ತೊಡಲು ಗಟ್ಟಿ ಚಡ್ಡಿಯೊಂದು ಬೇಕು, ಎರಡೂ ತೊಡೆಯ ಮೇಲೆ ಕಿಸೆ ಬೇಕು, ಸಮುದ್ರದೊಳಗೆ ಹಾಕಿಕೊಳ್ಳಲು ಎಂದೆ.

ಚಾಚಾ ಕನ್ನಡಕ ಹಣೆಗೆ ಏರಿಸಿದರು. "ಅಕ್ಕಾರ, ಸಮುದ್ರದಾಗ ಯಾರು ಕಿಸೆ ಹೊಡಿತಾರ್ರಿ?"

"ಯಾರೂ ಹೊಡಿಯೂದಿಲ್ಲ ಚಾಚಾ. ಸಾಮಾನು ತಾನಾಗೇ ಹೋಗ್ತಾವ."

"ಹಂಗಾರ ಕಳ್ಳಗಿಂತ ಖರಾಬ್ ಐತಿ" ಎಂದು ಒಪ್ಪಿಕೊಂಡರು. ಅಳತೆ ತೆಗೆಯಲು ಚಾಚಿಯನ್ನು ಕರೆದರು. ಚಾಚಿ ಪರದೆಯ ಆಚೆ ಕರೆದೊಯ್ದು ಅಳೆಯುತ್ತ, ಒಳಗಿನಿಂದಲೇ ಕೂಗಿ ಅಂಕಿ ಹೇಳಿದರು. ನನ್ನ ಸೊಂಟದ ಅಂಕಿ ಕೂಗಿದಾಗ ಎದುರಿನ ಚಹಾದ ಅಂಗಡಿಯಲ್ಲಿ ಕೂತಿದ್ದವರೂ ತಲೆ ಎತ್ತಿದರು ಎಂದು ನನಗೆ ಅನುಮಾನ.

ಟ್ರ್ಯಾಕ್ಟರಿಗೆ ಹೊದಿಸುವ ತಾಡಪತ್ರಿಯಷ್ಟು ಗಟ್ಟಿಯಲ್ಲದ, ಆದರೆ ಮಳೆಯಂಗಿಗಿಂತ ದಪ್ಪನೆಯ ಬಟ್ಟೆ ಆರಿಸಿದೆವು. ಎಲ್ಲ ಸುಸೂತ್ರವಾಗಿ ನಡೆದಿತ್ತು. ಆಗ ನಾನು, ಕಿಸೆಯ ಅಡಿಗೆ ತೂತು ಬಿಡಬೇಕು, ನೀರು ಇಳಿದುಹೋಗಲು, ಎಂದೆ.

ಚಾಚಾ ಕತ್ತರಿ ಕೆಳಗಿಟ್ಟರು. "ಏನಂದ್ರಿ?"

"ತೂತ್ರಿ."

"ನಲವತ್ತ ವರ್ಸ ಆತು, ಈ ಕೈಲೆ ಮಂದಿ ಕಿಸೆದಾಗಿನ ತೂತ ಮುಚ್ಚೇನಿ. ಈಗ ತೂತ ಇಟ್ಟ ಹೊಲಿ ಅಂತೀರಿ. ಯಾರರ ನೋಡಿದ್ರ ಏನಂದಾರು? ಆಗೂದಿಲ್ರಿ, ಮಾಫ್ ಮಾಡ್ರಿ."

ಎಷ್ಟು ಹೇಳಿದರೂ ಕೇಳಲಿಲ್ಲ. ತೂತಿಲ್ಲದ, ಎರಡು ಸಲ ಹೊಲಿಗೆ ಬಿದ್ದ, ಒಂದು ಹನಿ ನೀರೂ ಹೊರಹೋಗದ ಕಿಸೆ ಹೊಲಿದರು. "ನದ್ಯಾಗ ನೋಡೂಣ್ರಿ. ನೀವು ಸರಿನೋ ನಾ ಸರಿನೋ" ಎಂದು ಪಂಥಕ್ಕೆ ಬಿದ್ದರು.

ಹಾಗಾಗಿ ಮುಂದಿನ ಭಾನುವಾರ ಬೆಳಿಗ್ಗೆ ನಾವು ಮೂವರೂ ಐರಣಿಗೆ ಹೋದೆವು. ಚಾಚಿ ಬುತ್ತಿ ಕಟ್ಟಿಕೊಂಡು ಬಂದಿದ್ದರು. ಚಾಚಾ ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡೇ ಬಂದಿದ್ದರು. ಹೊಳೆಯಲ್ಲಿ ನೀರು ಚೆನ್ನಾಗಿತ್ತು, ದಂಡೆಯಲ್ಲಿ ನಾಲ್ಕಾರು ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ನಾನು ಮೈತುಂಬ ಕಪ್ಪು ಬಟ್ಟೆ, ಅದರ ಮೇಲೆ ಉಬ್ಬಿದ ಕಿಸೆಗಳ ಖಾಕಿ ಚಡ್ಡಿ, ಕಣ್ಣಿಗೆ ಗಾಜು ಹಾಕಿಕೊಂಡು ಇಳಿದದ್ದು ನೋಡಿ ಅವರ ಕೈ ನಿಂತವು.

ಒಬ್ಬಾಕೆ ಇನ್ನೊಬ್ಬಾಕೆಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. "ಉಸುಕ ಕದಿಯಾಕ ಬಂದಾಳ ಏನ ಇಕಿ? ಲಾರಿ ಬಿಟ್ಟು ಈಗ ಕಿಸೆದಾಗ ಒಯ್ಯಾಕ ಹತ್ಯಾರ."

ಉಸಿರು ಬಿಗಿಹಿಡಿದು ಮುಳುಗಿದೆ, ಟಾರ್ಚು ತೆಗೆದೆ, ಇಟ್ಟೆ, ಪಾಟಿ ತೆಗೆದೆ, ಇಟ್ಟೆ. ಎಲ್ಲ ಚಂದ. ಏಳುವ ತನಕ. ಎದ್ದು ದಂಡೆಯ ಕಡೆ ಎರಡು ಹೆಜ್ಜೆ ಇಟ್ಟೆನೋ ಇಲ್ಲವೋ, ಎರಡೂ ಕಿಸೆಯಲ್ಲಿ ತುಂಬಿದ್ದ ತುಂಗಭದ್ರೆ ಚಡ್ಡಿಯನ್ನು ಕೆಳಗೆ ಜಗ್ಗಿದಳು. ಒಂದು ಕಿಸೆ ಅಂದರೆ ಒಂದು ಬಿಂದಿಗೆ. ನಾನು ಎರಡೂ ಕೈಯಿಂದ ಚಡ್ಡಿ ಹಿಡಿದು ಹಾಗೆಯೇ ನೀರಿನಲ್ಲಿ ಕುಳಿತುಬಿಟ್ಟೆ. ಒಳಗೆ ಪೂರ್ತಿ ಬಟ್ಟೆ ಇದ್ದುದರಿಂದ ಮಾನ ಹೋಗಲಿಲ್ಲ, ಆದರೆ ಬಟ್ಟೆ ಒಗೆಯುವವರಿಗೆ ಆ ಸೂಕ್ಷ್ಮ ಗೊತ್ತಿರಲಿಲ್ಲ. ಅವರ ನಗು ಆಚೆ ದಂಡೆಗೆ ಮುಟ್ಟಿರಬೇಕು.

ಚಾಚಾ ಪಾಯಿಜಾಮ ಮೊಣಕಾಲಿಗೆ ಏರಿಸಿ ನೀರಿಗೆ ಇಳಿದು, ದೂರದಿಂದಲೇ ಕಿಸೆಯನ್ನು ಪರೀಕ್ಷಿಸಿದರು. "ಒಂದ ಹನಿ ಸೋರಿಲ್ಲ ನೋಡ್ರಿ" ಎಂದರು. ಆ ದನಿಯಲ್ಲಿ ಹೆಮ್ಮೆಯೂ ಇತ್ತು, ಸೋಲೂ ಇತ್ತು.

ಚಾಚಿ ದಂಡೆಯಲ್ಲಿ ಕೂತು ಎಲ್ಲ ನೋಡುತ್ತಿದ್ದರು. ಬುತ್ತಿ ಬಿಚ್ಚಿದಾಗ ಅಂದು ಮೊದಲ ಸಲ ಬಾಯಿ ಬಿಟ್ಟರು. "ಉಳ್ಳಾಗಡ್ಡಿ ಚೀಲಕ್ಕ ಜಾಳಗಿ ಯಾಕ ಇರ್ತೈತಿ? ಗಾಳಿ ಆಡಲಿ ಅಂತ. ಗಡ್ಡಿ ಏನ ಬೀಳ್ತಾವೇನು?" ಎಂದರು. ಚಾಚಾ ರೊಟ್ಟಿ ಕೆಳಗಿಟ್ಟು ಕೊರಳಿನ ಅಳತೆಪಟ್ಟಿ ತೆಗೆದರು. ತೂತು ಬೇರೆ, ಜಾಳಿಗೆ ಬೇರೆ. ಜಾಳಿಗೆ ಹೊಲಿದರೆ ಕಸುಬಿಗೆ ಕುಂದಿಲ್ಲ. ಹೀಗೆ ಇಬ್ಬರ ಮರ್ಯಾದೆಯೂ ಉಳಿಯಿತು.

ಮುಂದಿನ ಎರಡು ವಾರ ಅಂಗಡಿಯಲ್ಲಿ ಚಾಚಿಯದೇ ಕಾರುಬಾರು. ಕಿಸೆಯ ಅಡಿಗೆ ಬಲೆಯಂಥ ಗಟ್ಟಿ ನೈಲಾನಿನ ಜಾಳಿಗೆ ಬಂತು. ಗುಂಡಿ ಬೇಡ, ನೀರಿನಲ್ಲಿ ಬೆರಳು ನೆನೆದು ಜಾರುತ್ತವೆ. ಜಿಪ್ಪು ಬೇಡ, ಉಪ್ಪು ತಿನ್ನುತ್ತದೆ. ಶಾಲಾ ಮಕ್ಕಳ ಬೂಟಿಗೆ ಇರುತ್ತದಲ್ಲ, ಚರ್ರೆಂದು ಕೀಳುವ ಅಂಟುಪಟ್ಟಿ, ಅದೇ ಇರಲಿ ಎಂದು ತೀರ್ಮಾನಿಸಿದರು. ಕಿಸೆಯ ಒಳಗೆ ಸಾಲಾಗಿ ಕುಣಿಕೆ ಹೊಲಿದು, ಪ್ರತಿಯೊಂದು ಸಾಮಾನಿಗೂ ಗೇಣುದ್ದದ ದಾರ ಕಟ್ಟಿ ಕುಣಿಕೆಗೆ ಸಿಕ್ಕಿಸಿದರು. ಒಂದು ಎಳೆದರೆ ಇನ್ನೊಂದು ಜೊತೆಗೆ ಬರಬಾರದು, ಕೈಬಿಟ್ಟರೂ ಹೋಗಬಾರದು. ಆಮೇಲೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಕಣ್ಣಿಗೆ ತಮ್ಮ ಓಢಣಿ ಕಟ್ಟಿದರು.

"ಟಾರ್ಚ್ ತಗೀರಿ."

ತೆಗೆದೆ.

"ಕತ್ರಿ ತಗೀರಿ."

ಸೀಟಿ ತೆಗೆದೆ.

"ಮುಳುಗಿ ಸತ್ರಿ ನೀವು" ಎಂದರು ಶಾಂತವಾಗಿ. "ಮತ್ತ ಮಾಡ್ರಿ."

ಹತ್ತು ಹದಿನೈದು ಸಲ ಮಾಡಿಸಿದರು. ಪಾಸಾದಮೇಲೆಯೇ ಚಡ್ಡಿ ಕಾಗದದಲ್ಲಿ ಸುತ್ತಿ ಕೊಟ್ಟರು.

ಮಾರ್ಚಿನ ಒಂದು ಬೆಳಿಗ್ಗೆ ಅದನ್ನು ತೊಟ್ಟು ಇಳಿದೆ. ಗುರು ದೋಣಿಯಲ್ಲೇ ಕಿಸೆಗಳನ್ನು ತೆರೆಸಿ, ಮೂಗಿಗೆ ಹಿಡಿದು ಮೂಸಿ ನೋಡಿಯೇ ಅಪ್ಪಣೆ ಕೊಟ್ಟಳು. ನೀರು ಬೆಚ್ಚಗೆ, ತಿಳಿಯಾಗಿ ಇತ್ತು. ಹದಿನಾಲ್ಕು ಮೀಟರಿನಲ್ಲಿ ಗುರು ಮುಂದೆ, ನಾನು ಹಿಂದೆ. ದೊಡ್ಡ ಬಂಡೆಯೊಂದರ ಕೆಳಗೆ ಯಾರೋ ಎಂದೋ ಬಿಟ್ಟುಹೋದ ಬಲೆಯ ತುಂಡು ನೇತಾಡುತ್ತಿತ್ತು. ಪಾಚಿ ಹಿಡಿದು ಕಾಣಿಸುತ್ತಲೇ ಇರಲಿಲ್ಲ. ಗುರು ಅದರ ಪಕ್ಕ ಹಾದುಹೋದವಳು ಒಮ್ಮೆಲೇ ನಿಂತಳು. ಬೆನ್ನ ಸಿಲಿಂಡರಿನ ತಿರುಪು ಬಲೆಯ ದಾರಕ್ಕೆ ಸಿಕ್ಕಿತ್ತು. ಅವಳ ಕೈಗೆ ಎಟುಕದ ಜಾಗ. ತಿರುಗಿದಷ್ಟೂ ಇನ್ನಷ್ಟು ಸುತ್ತುತ್ತದೆ ಎಂದು ಅವಳಿಗೆ ಗೊತ್ತು. ಅಲುಗಾಡದೆ ನಿಂತು ನನ್ನ ಕಡೆ ನೋಡಿದಳು. ಅವಳು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು.

ಹತ್ತಿರ ಹೋಗಿ ಅವಳ ಭುಜ ಹಿಡಿದೆ. ಇನ್ನೊಂದು ಕೈಯಿಂದ ಕಿಸೆ ಚರ್ರೆನಿಸಿ, ಕೈ ಹಾಕಿ, ಸಿಕ್ಕಿದ್ದನ್ನು ಎಳೆದು ಅವಳ ಕಣ್ಣ ಮುಂದೆ ಹಿಡಿದೆ. ಅದು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕಟ್ಟಿದ ಐದು ಯಾಲಕ್ಕಿ. ಹೊಸ ಕಿಸೆಯನ್ನು ಖಾಲಿ ಕೊಡಬಾರದು ಎಂದು ಚಾಚಿ ನನಗೆ ಹೇಳದೆ ಇಟ್ಟಿದ್ದರು, ಅದಕ್ಕೂ ಒಂದು ಕುಣಿಕೆ, ಒಂದು ದಾರ. ಗುರು ಯಾಲಕ್ಕಿಯನ್ನು ನೋಡಿದಳು. ನನ್ನನ್ನು ನೋಡಿದಳು. ಅವಳ ಬಾಯಿಯ ಕೊಳವೆಯಿಂದ ಗುಳ್ಳೆಗಳು ಗಲಗಲನೆ ಎದ್ದವು. ನಗುತ್ತಿದ್ದಾಳೆ ಎಂದು ಆಗ ತಿಳಿಯಲಿಲ್ಲ, ಹೆದರಿದಳೆಂದೇ ತಿಳಿದೆ.

ಕಣ್ಣು ಮುಚ್ಚಿದೆ. ಸ್ಟೂಲಿನ ಮೇಲೆ ಕೂತಂತೆ ನೆನೆಸಿಕೊಂಡೆ. ಬಲ ತೊಡೆ, ಎರಡನೆಯ ಕುಣಿಕೆ. ಕೊಯ್ಯುವ ಸಾಧನ ಕೈಗೆ ಬಂತು. ಒಂದೊಂದೇ ಎಳೆ ಕತ್ತರಿಸಿದೆ, ಅವಳ ಉಸಿರಿನ ಕೊಳವೆಗೆ ತಾಗದಂತೆ. ಏಳೋ ಎಂಟೋ ಎಳೆ ಇದ್ದವು. ಕಡೆಯದು ಹರಿದಾಗ ಅವಳು ಒಂದು ಅಡಿ ಮುಂದಕ್ಕೆ ತೇಲಿದಳು. ತಿರುಗಿ ಬಂದು ನನ್ನ ಎರಡೂ ಕೈ ಹಿಡಿದು ಒತ್ತಿದಳು. ಆ ಗಡಿಬಿಡಿಯಲ್ಲಿ ನನ್ನ ಬೆರಳು ಸಡಿಲಗೊಂಡು ಸಾಧನ ಜಾರಿತು. ಗೇಣುದ್ದ ಹೋಗಿ, ದಾರಕ್ಕೆ ಜೋತುಬಿದ್ದು, ಅಲ್ಲೇ ನಿಂತಿತು.

ದಡಕ್ಕೆ ಬಂದು ಮೊದಲು ಫೋನು ಮಾಡಿದ್ದು ಚಾಚಾಗೆ. ಬಲೆ, ದಾರ, ಕಣ್ಣು ಮುಚ್ಚಿದ್ದು, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಕೊನೆಯವರೆಗೆ ಕೇಳಿ, "ಅಲ್ಲಾ ದೊಡ್ಡಾಂವ. ಅದಿರ್ಲಿ, ಹೊಲಿಗಿ?" ಎಂದರು.

ಚಡ್ಡಿ ತಿರುಗಿಸಿ ನೋಡಿದೆ. ಎಡಗಡೆ ಮೂಲೆಯಲ್ಲಿ ಎರಡು ಬೆರಳಷ್ಟು ದಾರ ಬಿಟ್ಟಿತ್ತು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

"ಸಮುದ್ರಾ ನನ್ನ ಹೊಲಿಗಿ ಬಿಚ್ಚತೇನು?" ಎಂದರು ಚಾಚಾ. "ಲಗೂ ಬರ್ರಿ ಅಕ್ಕಾರ."

ಮರುವಾರ ಹೋದೆ. ಗುರು ತನಗೂ ಅಂಥದೇ ಒಂದು ಬೇಕೆಂದು ಅಳತೆ ಬರೆದುಕೊಟ್ಟಿದ್ದಳು. ಚಾಚಾ ನನ್ನ ಚಡ್ಡಿ ಕಸಿದುಕೊಂಡು, ಯಂತ್ರದ ಮುಂದೆ ಕೂತರು. ಅಳತೆಯ ಚೀಟಿಯನ್ನು ಚಾಚಿಗೆ ಕೊಟ್ಟೆ. ಅವರಿಗೆ ಅಕ್ಷರ ಅಷ್ಟಕ್ಕಷ್ಟೇ, ಆದರೆ ಅಂಕಿ ಚೆನ್ನಾಗಿ ಬರುತ್ತದೆ. ಚೀಟಿಯನ್ನು ಬೆಳಕಿಗೆ ಹಿಡಿದು ಸೊಂಟದ ಅಂಕಿ ಓದಿದರು. ಎರಡನೆಯ ಸಲ ಓದಿದರು. ಹಣೆ ಬಡಿದುಕೊಂಡರು.

"ಯಾ ಅಲ್ಲಾ, ಆ ಹುಡುಗಿಗೆ ಅಲ್ಲೆ ಊಟಾ ಹಾಕವರು ಯಾರೂ ಇಲ್ಲೇನ್ರಿ?"

ಎರಡು ಇಂಚು ಹೆಚ್ಚಿಗೆ ಇಟ್ಟು ಕತ್ತರಿಸಿದರು, ಮುಂದೆ ಮೈ ತುಂಬಿಕೊಂಡಾಳು ಎಂದು.